ಪದಚರ್ಚೆ: ‘ಯೂಸ್ಡ್ ಕಾರ್’ಗೆ ಬೋರ್ಡಿನಲ್ಲಿ ಏನು ಬರೆಯಲಿ? (ಸೋಮವಾರದೊಳಗೆ ಬೇಕು)

ಕೋಲಾರದ ಡಿಟಿಪಿ ಅಂಗಡಿಯಿಂದ

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಪದ ಬೇಕು. ಸೋಮವಾರ ಬೆಳಿಗ್ಗೆ ಪೇಂಟರ್ ಬರುತ್ತಾನೆ.

ನಮ್ಮ ಗಿರಾಕಿಯೊಬ್ಬರು ಹನ್ನೆರಡು ವರ್ಷ ಶಾರ್ಜಾದ ಕಾರ್ ಯಾರ್ಡಿನಲ್ಲಿ ದುಡಿದು ಊರಿಗೆ ವಾಪಸ್ ಬಂದಿದ್ದಾರೆ. ಬಂಗಾರಪೇಟೆ ರಸ್ತೆಯಲ್ಲಿ ಒಂದು ಆಫೀಸು ಮಾಡುತ್ತಿದ್ದಾರೆ. ಜಪಾನಿನ ಹರಾಜಿನಲ್ಲಿ ಕಾರು ಹಿಡಿದು ಆಫ್ರಿಕಾದ ಬಂದರುಗಳಾದ ಮೊಂಬಾಸಾ, ದಾರ್ ಎಸ್ ಸಲಾಮ್ ಕಡೆ ಕಳಿಸುವವರಿಗೆ ಕಾಗದಪತ್ರ ಮಾಡಿಕೊಡುವುದು ಅವರ ಕೆಲಸ. ಜೊತೆಗೆ ಇಲ್ಲಿನ ಗಾಡಿಗಳ ವ್ಯಾಪಾರ. ಬೋರ್ಡಿಗೆ ಅವರು ಬರೆದುಕೊಟ್ಟಿದ್ದು ‘ಯೂಸ್ಡ್ ಕಾರ್ಸ್, ಇಂಪೋರ್ಟ್ ಅಂಡ್ ಎಕ್ಸ್‌ಪೋರ್ಟ್’. ಕನ್ನಡ ಭಾಷೆಯ ಕಾನೂನಿಗೆ 2024ರ ತಿದ್ದುಪಡಿ ಬಂದಮೇಲೆ ಬೋರ್ಡಿನ 60 ಪರ್ಸೆಂಟ್ ಕನ್ನಡ ಇರಬೇಕಲ್ಲ, ಅದನ್ನೇ ಕನ್ನಡ ಅಕ್ಷರದಲ್ಲಿ ಬರೆದುಬಿಡಿ ಅಂದರು. ನನಗೆ ಮನಸ್ಸು ಬರಲಿಲ್ಲ.

‘ಬಳಸಿದ ಕಾರು’ ಅಂತ ಟೈಪ್ ಮಾಡಿ ತೋರಿಸಿದೆ. “ಯಾರೋ ಬಳಸಿ ಬಿಸಾಕಿದ್ದು ಅನ್ನೋ ಹಾಗಿದೆ” ಅಂದರು. ‘ಹಳೇ ಕಾರು’ ಅಂದೆ. “ಗುಜರಿ ಅಂಗಡಿ ಅಂದ್ಕೊಂಡು ಜನ ಕಬ್ಬಿಣ ತರ್ತಾರೆ” ಅಂದರು. ‘ಪೂರ್ವಬಳಕೆಯ ಕಾರು’ ಅಂತ ಬರೆದು ನಾನೇ ನಕ್ಕು ಅಳಿಸಿದೆ.

ಇನ್ನೊಂದು ಪುಟ್ಟ ವಿಷಯ. ಒಂದು ಕರಪತ್ರವೂ ಇದೆ. ಅದರಲ್ಲಿ ‘ರೈಟ್ ಹ್ಯಾಂಡ್ ಡ್ರೈವ್’ ಅನ್ನುವುದಕ್ಕೆ ‘ಬಲಬದಿ ಚಾಲನೆ’ ಅಂತ ಹಾಕಿದ್ದೇನೆ. ಸರಿ ತಾನೇ?

ತುಮಕೂರಿನ ನಿವೃತ್ತ ಮೇಷ್ಟ್ರು

‘ಬಳಸಿದ’ ಬೇಡ. ‘ಬಳಸು’ ಎಂದರೆ ಸುತ್ತು ಹಾಕುವುದು. ಬಳಸುದಾರಿ. ಸುತ್ತಿ ಬಳಸಿ ಮಾತಾಡುವುದು. ಉಪಯೋಗಿಸುವ ಅರ್ಥವನ್ನೇ ಹಿಡಿದು ಎಲ್ಲ ಕಡೆ ‘ಬಳಕೆದಾರ’, ‘ಬಳಸಿದ’ ಎಂದು ಹಚ್ಚುತ್ತಿದ್ದೇವೆ.

‘ಹಳೆಬಂಡಿ’ ಎಂದು ಬರೆಯಿರಿ. ‘ಹಳೆವಾಹನ’ ಎಂದು ಮಾತ್ರ ಬರೆಯಬೇಡಿ, ಅದು ಕನ್ನಡ, ಸಂಸ್ಕೃತ ಬೆರೆಸಿದ ಅರಿಸಮಾಸ. ಆಮದು, ರಫ್ತು ಎರಡೂ ಕನ್ನಡವಲ್ಲ. ‘ಒಳತರವು, ಹೊರಗಳಿಕೆ’ ಎನ್ನಿ. ಇಷ್ಟೇ.

ಚಿಂತಾಮಣಿಯ ಗಾಡಿ ವ್ಯಾಪಾರಿ

ಮೇಷ್ಟ್ರೇ, ನಮಸ್ಕಾರ. ನಮ್ಮೂರಲ್ಲಿ ಬಂಡಿ ಅಂದ್ರೆ ಬೈಕು. ಅರ್ಧ ಊರು ತೆಲುಗು ಮಾತಾಡುತ್ತೆ. ಉಳಿದ ಅರ್ಧ ಊರಿನವರು ಹಳೆಬಂಡಿ ಅಂದ್ರೆ ಎತ್ತು ಎಲ್ಲಿ ಅಂತ ಕೇಳ್ತಾರೆ. ‘ಹೊರಗಳಿಕೆ’ ಅಂತ ಬೋರ್ಡ್ ಹಾಕಿದ್ರೆ ಜನ ಮೂಗು ಮುಚ್ಚಿಕೊಂಡು ಹೋಗ್ತಾರೆ, ತಪ್ಪು ತಿಳೀಬೇಡಿ.

ಅಕ್ಕಾ, ವ್ಯಾಪಾರದಲ್ಲಿ ‘ಸೆಕೆಂಡ್ ಹ್ಯಾಂಡ್’ ಅನ್ನೋದು ಬಿಟ್ಟು ಬೇರೆ ಪದ ಇಲ್ಲ. ಸಿಂಗಲ್ ಓನರ್ ಗಾಡಿ, ಎರಡು ಕೈ ಆಗಿರೋ ಗಾಡಿ, ಮೂರು ಕೈ ಆಗಿರೋ ಗಾಡಿ ಅಂತೀವಿ. ‘ಕೈ ಬದಲಾಗಿದೆ’ ಅಂತೀವಿ. ಬೇರೆ ರಾಜ್ಯದ್ದಾದರೆ ‘ಹೊರಗಿನ ಗಾಡಿ’. ದಿಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ತಡೆ ಬಂದಾಗಿನಿಂದ ‘ಡೆಲ್ಲಿ ಗಾಡಿ’ ಅನ್ನೋದೇ ಒಂದು ಜಾತಿ ಆಗಿದೆ. ಫಾರಂ 28ರ ಎನ್‌ಒಸಿ, ಅಂದ್ರೆ ಹಳೇ ಆರ್‌ಟಿಒದವರ ಆಕ್ಷೇಪಣೆ ಇಲ್ಲ ಅನ್ನೋ ಪತ್ರ, ಕೈಗೆ ಬಂದಿಲ್ಲದ ಗಾಡಿ ಮುಟ್ಟಬೇಡಿ ಅಂತ ಎಲ್ಲರಿಗೂ ಹೇಳ್ತೀನಿ. ಕೇಳೋರು ಕಮ್ಮಿ.

ಕರಪತ್ರದಲ್ಲಿ ಕಿಲೋಮೀಟರ್ ಕಮ್ಮಿ ತೋರಿಸೋಕೆ ಮೀಟರ್ ತಿರುಗಿಸೋ ವಿಷಯ ಬಂದರೆ ‘ಮೀಟರ್ ಇಳಿಸಿದ ಗಾಡಿ’ ಅಂತ ಬರೀರಿ, ಎಲ್ಲರಿಗೂ ಅರ್ಥ ಆಗುತ್ತೆ. ನಾನೂ ಒಂದ್ಸಲ ಬಿದ್ದಿದ್ದೀನಿ. ಮೀಟರಲ್ಲಿ 48 ಸಾವಿರ ಕಿಲೋಮೀಟರ್. ಬ್ರೇಕ್ ಪೆಡಲಿನ ರಬ್ಬರ್ ನೋಡಿದ್ರೆ ಸವೆದು ನುಣ್ಣಗಾಗಿತ್ತು. ಅದನ್ನ ನೋಡಿದ್ದು ದುಡ್ಡು ಕೊಟ್ಟ ಮೇಲೆ.

ಚಿಕ್ಕಬಳ್ಳಾಪುರ, ಶಾಸನ ಓದುವ ಹವ್ಯಾಸಿ

ಮೇಷ್ಟ್ರಿಗೆ ಒಂದು ಪ್ರಶ್ನೆ. ಹಳೆ + ಕನ್ನಡ ‘ಹಳೆಗನ್ನಡ’. ಮಳೆ + ಕಾಲ ‘ಮಳೆಗಾಲ’. ಕಾಲ ಸಂಸ್ಕೃತದ್ದು, ಆದರೂ ಆದೇಶ ಸಂಧಿ ಬಿಟ್ಟಿಲ್ಲ. ಹಾಗಾದರೆ ಹಳೆ + ಕಾರು ‘ಹಳೆಗಾರು’ ಯಾಕಾಗಬಾರದು? ಎರವಲು ಪದಕ್ಕೆ ನಮ್ಮ ಸಂಧಿ ಹತ್ತಿತು ಅಂದರೆ ಅದು ನಮ್ಮದಾಯಿತು ಅಂತ ಲೆಕ್ಕ.

ಅರ್ಧ ತಮಾಷೆಗೆ ಹೇಳಿದ್ದು. ಇನ್ನರ್ಧ ನಿಜಕ್ಕೂ ಕೇಳುತ್ತಿದ್ದೇನೆ.

ಇನ್ನು ಕರಪತ್ರದಲ್ಲಿ ‘ಕಸ್ಟಮ್ಸ್ ಡ್ಯೂಟಿ’ ಬಂದರೆ ಸುಮ್ನೆ ‘ಸುಂಕ’ ಅನ್ನಿ. ‘ಶುಲ್ಕ’ ಬೇಡ. ಶುಲ್ಕ ಶಾಲೆಗೆ ಕಟ್ಟುವುದು. ಸುಂಕ ಅದರದೇ ತದ್ಭವ, ಆದರೆ ಕೆಲಸ ಬೇರೆ ಹಿಡಿದಿದೆ. ನಮ್ಮ ಶಾಸನಗಳಲ್ಲಿ ‘ಪೆರ್ಜುಂಕ’, ‘ಹೆಜ್ಜುಂಕ’ ಅಂತ ಬರುತ್ತದೆ. ಹಿರಿದಾದ ಸುಂಕ, ಹೆಜ್ಜೇನು ಇದ್ದ ಹಾಗೆ. ನಮ್ಮ ದೇಶಕ್ಕೆ ತರುವ ಸೆಕೆಂಡ್ ಹ್ಯಾಂಡ್ ಕಾರಿನ ಮೇಲೆ ಹಲವು ವರ್ಷ ಮೂಲ ಸುಂಕವೇ 125 ಪರ್ಸೆಂಟ್ ಇತ್ತು. ಕಾರಿನ ಬೆಲೆಗಿಂತ ಸುಂಕ ಜಾಸ್ತಿ. ಅದಕ್ಕೆ ಹೆಜ್ಜುಂಕ ಅನ್ನದೆ ಇನ್ನೇನು ಅನ್ನೋದು? ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಬೇರೆ ಇದೆ.

ತುಮಕೂರಿನ ನಿವೃತ್ತ ಮೇಷ್ಟ್ರು

‘ಹಳೆಗಾರು’ ಹುಡುಗಾಟ. ಕೆಲಸದ ವಿಷಯದಲ್ಲಿ ಹುಡುಗಾಟ ಬೇಡ. ಸುಂಕದ ಮಾತು ಸರಿ.

ತಿಪಟೂರಿನವ, ಈಗ ನೈರೋಬಿಯಲ್ಲಿ

ಈ ಚರ್ಚೆ ನೋಡಿ ಸುಮ್ಮನಿರಲು ಆಗಲಿಲ್ಲ. ಇಲ್ಲಿ ರಸ್ತೆಯಲ್ಲಿ ಓಡುವ ಕಾರುಗಳಲ್ಲಿ ಬಹುಪಾಲು ಜಪಾನಿನಲ್ಲಿ ಓಡಿ ಬಂದವೇ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ‘ಶಾಕೆನ್’ ಅನ್ನುವ ತಪಾಸಣೆ ಇದೆ. ಖರ್ಚು ಜಾಸ್ತಿ. ಅದಕ್ಕೇ ಜನ ಚೆನ್ನಾಗಿರುವ ಕಾರನ್ನೇ ಹರಾಜಿಗೆ ಬಿಡುತ್ತಾರೆ. ಅದು ಹಡಗು ಹತ್ತಿ ಮೊಂಬಾಸಾಕ್ಕೆ ಬರುತ್ತದೆ. ಕೀನ್ಯಾದಲ್ಲಿ ಎಂಟು ವರ್ಷಕ್ಕಿಂತ ಹಳೆಯದನ್ನು ಇಳಿಸಿಕೊಳ್ಳುವುದಿಲ್ಲ.

ಪದದ ವಿಷಯಕ್ಕೆ ಬರುತ್ತೇನೆ. ಇಲ್ಲಿನ ಜಾಹೀರಾತುಗಳಲ್ಲಿ ಎರಡು ಬಗೆ ಮಾಡುತ್ತಾರೆ. ಹೊರದೇಶದಲ್ಲಿ ಓಡಿದ್ದು ಒಂದು, ಇಲ್ಲೇ ಓಡಿದ್ದು ಇನ್ನೊಂದು. ಹೊರದೇಶದ್ದಕ್ಕೆ ಬೆಲೆ ಜಾಸ್ತಿ, ಯಾಕೆಂದರೆ ಅದು ಇಲ್ಲಿನ ಗುಂಡಿ ನೋಡಿಲ್ಲ. ಹಳೆಯದು, ಬಳಸಿದ್ದು ಅನ್ನುವುದಕ್ಕಿಂತ ಎಲ್ಲಿ ಓಡಿದೆ ಅನ್ನುವುದು ಮುಖ್ಯ. ನೈಜೀರಿಯಾದವರ ಪದ ಇನ್ನೂ ಚೆಂದ. ಯೂರೋಪ್, ಅಮೆರಿಕದಿಂದ ಬಂದ ಸೆಕೆಂಡ್ ಹ್ಯಾಂಡ್ ಕಾರಿಗೆ ಅವರು ‘ಟೊಕುನ್ಬೊ’ ಅನ್ನುತ್ತಾರೆ. ಯೊರುಬಾ ಭಾಷೆಯಲ್ಲಿ ಒಕುನ್ ಅಂದರೆ ಕಡಲು. ಕಡಲಾಚೆಯಿಂದ ಬಂದದ್ದು ಅಂತ ಅರ್ಥ. ಪರದೇಶದಲ್ಲಿ ಹುಟ್ಟಿ ಊರಿಗೆ ಬಂದ ಮಗುವಿಗೆ ಇಡುವ ಹೆಸರು ಅದು! ಅದನ್ನೇ ಕಾರಿಗೂ ಇಟ್ಟುಬಿಟ್ಟಿದ್ದಾರೆ. ಯಾವ ಸಮಿತಿಯೂ ಕೂತು ಮಾಡಿದ್ದಲ್ಲ.

ಹಾಗಾಗಿ ನನ್ನ ಸಲಹೆ ‘ಓಡಿದ ಕಾರು’. ‘ಜಪಾನಿನಲ್ಲಿ ಓಡಿದ ಕಾರು’, ‘ಕೋಲಾರದಲ್ಲಿ ಓಡಿದ ಕಾರು’. ಕೇಳಿದರೆ ಯಾರಿಗೂ ಕಷ್ಟ ಆಗಲ್ಲ.

ಬಾಂಗ್ಲಾದೇಶ, ಶ್ರೀಲಂಕಾದಲ್ಲಿ ಇದನ್ನೇ ‘ರೀಕಂಡಿಷನ್’ ಕಾರು ಅನ್ನುತ್ತಾರೆ. ಅದನ್ನು ಎತ್ತಿಕೊಳ್ಳಬೇಡಿ. ನಮ್ಮಲ್ಲಿ ರೀಕಂಡಿಷನ್ ಅಂದರೆ ಎಂಜಿನ್ ಬಿಚ್ಚಿ ಕಟ್ಟಿದ್ದು ಅಂತ.

ಚಿಂತಾಮಣಿಯ ಗಾಡಿ ವ್ಯಾಪಾರಿ

ಅಣ್ಣಾ, ‘ಓಡಿದ ಕಾರು’ ಅಂದ್ರೆ ನಮ್ ಕಡೆ ಕಾರು ಓಡಿಹೋಯ್ತು ಅಂತಾನೂ ಆಗುತ್ತೆ. ಲೋನ್ ಕಟ್ಟದೆ ಓಡಿಸ್ಕೊಂಡು ಹೋದ ಗಾಡಿಗಳು ಸಾಕಷ್ಟಿವೆ. ಫೈನಾನ್ಸ್‌ನವರು ಬಂದು ಬಾಗಿಲು ತಟ್ಟಿದ್ರೆ ನೀವೇ ಬರಬೇಕು ನೈರೋಬಿಯಿಂದ.

ಆದ್ರೆ ಅಕ್ಕಾ, ಎಲ್ರೂ ಪದದ ಹಿಂದೆ ಬಿದ್ದಿದ್ದಾರೆ, ನಿಮ್ಮ ಎರಡನೇ ಪ್ರಶ್ನೆ ಯಾರೂ ನೋಡಿಲ್ಲ. ‘ಬಲಬದಿ ಚಾಲನೆ’ ತಪ್ಪು. ಓದಿದವರು ರಸ್ತೆಯ ಬಲಗಡೆ ಓಡಿಸೋದು ಅಂದ್ಕೊಳ್ತಾರೆ. ಅದು ಪೂರಾ ಉಲ್ಟಾ. ಸ್ಟೇರಿಂಗ್ ಬಲಗಡೆ ಇದ್ರೆ ಗಾಡಿ ಓಡೋದು ರಸ್ತೆಯ ಎಡಗಡೆ. ಇಂಡಿಯಾ, ಜಪಾನು, ಕೀನ್ಯಾ, ಟಾಂಜಾನಿಯಾ ಎಲ್ಲ ಹೀಗೇನೇ. ಶಾರ್ಜಾದಲ್ಲಿ ಸ್ಟೇರಿಂಗ್ ಎಡಗಡೆ, ಓಡಿಸೋದು ಬಲಗಡೆ. ನಿಮ್ಮ ಕರಪತ್ರ ಓದಿ ಯಾರಾದ್ರೂ ಶಾರ್ಜಾದ ಗಾಡಿಗೆ ಅಡ್ವಾನ್ಸ್ ಕೊಟ್ಟು ಮೊಂಬಾಸಾಕ್ಕೆ ಕಳಿಸಿದ್ರೆ ಬಂದರಲ್ಲೇ ನಿಲ್ಲುತ್ತೆ. ‘ಸ್ಟೇರಿಂಗ್ ಬಲಗಡೆ’ ಅಂತ ಎರಡು ಪದ ಹಾಕಿ, ಸಾಕು.

ಕೋಲಾರದ ಡಿಟಿಪಿ ಅಂಗಡಿಯಿಂದ

ಅಯ್ಯೋ, 500 ಕಾಪಿ ಪ್ರಿಂಟಿಗೆ ಹೋಗುವುದಿತ್ತು. ಈಗಲೇ ಬದಲಾಯಿಸಿದೆ. ನಿಮಗೆ ಪುಣ್ಯ ಬರಲಿ.

ಗಿರಾಕಿಗೆ ಫೋನ್ ಮಾಡಿ ಕೇಳಿದೆ. “ಹೌದಲ್ವಾ, ನಾನೂ ನೋಡಿಲ್ಲ” ಅಂದರು. ಹನ್ನೆರಡು ವರ್ಷ ಅದೇ ಯಾರ್ಡಿನಲ್ಲಿದ್ದವರು. ಕನ್ನಡದಲ್ಲಿ ಬರೆದಿದ್ದನ್ನ ಯಾರೂ ಓದುವುದಿಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತೆ.

ಕರಪತ್ರದ ಇನ್ನೊಂದು ಸಾಲು: ‘ಯಾವುದೇ ದೇಶದಿಂದ ಯಾವುದೇ ಕಾರು ಭಾರತಕ್ಕೆ ತರಿಸಿಕೊಡಲಾಗುವುದು’. ಇದು ಸರಿಯಾ?

ತಿಪಟೂರಿನವ, ಈಗ ನೈರೋಬಿಯಲ್ಲಿ

ಆ ಸಾಲು ತೆಗೆಯಿರಿ. ಭಾರತದ ನಿಯಮದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು. ಸ್ಟೇರಿಂಗ್ ಬಲಗಡೆ ಇರಬೇಕು. ಮೀಟರ್ ಕಿಲೋಮೀಟರಿನಲ್ಲಿರಬೇಕು, ಮೈಲಿಯಲ್ಲಲ್ಲ. ಹೆಡ್‌ಲೈಟಿನ ಬೆಳಕು ಎಡಗಡೆ ಓಡಿಸುವ ರಸ್ತೆಗೆ ಹೊಂದಬೇಕು. ಇಳಿಸಲು ಮುಂಬೈ ಬಂದರು ಮಾತ್ರ, ಚೆನ್ನೈ ಹತ್ತಿರ ಅಂತ ಅಲ್ಲಿಗೆ ತರಿಸುವ ಹಾಗಿಲ್ಲ. ಅದರ ಮೇಲೆ ಶಾಸನದವರು ಹೇಳಿದ ಹೆಜ್ಜುಂಕ. ‘ಯಾವುದೇ’ ಅನ್ನುವ ಪದ ಎರಡು ಸಲ ಬಂದಿದೆ, ಎರಡೂ ಸುಳ್ಳು.

ತುಮಕೂರಿನ ನಿವೃತ್ತ ಮೇಷ್ಟ್ರು

ಇದು ಪದಚರ್ಚೆ. ಬಂದರಿನ ಚರ್ಚೆ ಅಲ್ಲ.

ಸ್ಟೇರಿಂಗ್, ಮೀಟರ್, ಸೆಕೆಂಡ್ ಹ್ಯಾಂಡ್, ಲೋನ್. ಒಂದು ಸಾಲಿನಲ್ಲಿ ಕನ್ನಡದ್ದು ಅಂತ ಉಳಿದಿರುವುದು ವಿಭಕ್ತಿ ಪ್ರತ್ಯಯ ಒಂದೇ. ನಲವತ್ತು ವರ್ಷ ಪಾಠ ಹೇಳಿದವನಿಗೆ ಇದನ್ನು ಓದಿ ಏನನ್ನಿಸಬೇಕು? ಯೊರುಬಾದವರು ತಮ್ಮ ಕಡಲಿಂದ ಪದ ಮಾಡಿಕೊಂಡರು ಎಂದು ಮೆಚ್ಚುತ್ತೀರಿ. ನಾನು ನಮ್ಮದರಿಂದ ಒಂದು ಪದ ಮಾಡಿದರೆ ಮೂಗು ಮುಚ್ಚಿಕೊಳ್ಳುತ್ತೀರಿ.

ಚಿಕ್ಕಬಳ್ಳಾಪುರ, ಶಾಸನ ಓದುವ ಹವ್ಯಾಸಿ

ಮೇಷ್ಟ್ರೇ, ಕೊನೆಯ ಮಾತು ನ್ಯಾಯವೇ. ಒಪ್ಪುತ್ತೇನೆ.

ಆದರೆ ಬಂದರಿನ ಚರ್ಚೆ ಬಿಟ್ಟು ಈ ಪದಗಳ ಚರ್ಚೆ ಆಗುವುದಿಲ್ಲ. ‘ಬಂದರು’ ಪಾರ್ಸಿಯದು. ‘ಆಮದು’ ಅಂದರೆ ಪಾರ್ಸಿಯಲ್ಲಿ ಬಂತು, ‘ರಫ್ತ್’ ಅಂದರೆ ಹೋಯಿತು. ಬಂತು-ಹೋಯಿತು, ಎಷ್ಟು ಸರಳ ನೋಡಿ. ‘ದಲಾಲಿ’ ಅರಬ್ಬಿಯಿಂದ. ‘ಹರಾಜು’ ಕೂಡ ಅರಬ್ಬಿ. ಕೋಲಾರದ ಅಕ್ಕನ ಗಿರಾಕಿ ದುಡಿದ ಶಾರ್ಜಾದಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ದೊಡ್ಡ ಮಾರುಕಟ್ಟೆಯ ಹೆಸರು ‘ಸೂಕ್ ಅಲ್ ಹರಾಜ್’. ಹರಾಜಿನ ಸಂತೆ! ಕೋಲಾರದ ಟೊಮೇಟೊ ಮಂಡಿಯಲ್ಲಿ ದಿನಾ ಬೆಳಿಗ್ಗೆ ಕೂಗುವ ಪದವೇ ಅದು. ಅವರು ಅಲ್ಲಿ ಹೊಸ ಪದ ಕಲಿಯಬೇಕಾಗೇ ಇರಲಿಲ್ಲ.

ಗುಜರಿಯೂ ಪಾರ್ಸಿಯ ‘ಗುಜರ್’ನಿಂದ, ಅಂದರೆ ಹಾದುಹೋಗುವ ದಾರಿಯಿಂದ ಬಂದಿರಬೇಕು ಅಂತ ನನ್ನ ವಾದ. ದಾರಿಬದಿಯ ಸಂತೆಯಲ್ಲಿ ಮಾರುವ ಹಳೇ ಸಾಮಾನು. ಇದು ವಾದ ಅಷ್ಟೇ, ಸಾಧಿಸಿದ್ದಲ್ಲ. ಮೇಷ್ಟ್ರು ಹರಿದು ಹಾಕಲಿ.

ತುಮಕೂರಿನ ನಿವೃತ್ತ ಮೇಷ್ಟ್ರು

ಗುಜರಿ ಊಹೆ. ಹರಿದು ಹಾಕಲು ಅದರಲ್ಲಿ ಬಟ್ಟೆಯೇ ಇಲ್ಲ.

ನಾನು ಎರವಲು ಬೇಡ ಎಂದಿಲ್ಲ. ಹರಾಜು ನನ್ನ ಅಜ್ಜಿಯ ಬಾಯಲ್ಲೂ ಇತ್ತು. ಎರವಲು ತಂದರೆ ಬಾಯಿಗೆ ಒಗ್ಗಿಸಿಕೊಂಡು ತನ್ನಿ ಎಂಬುದು ನನ್ನ ಮಾತು. ಹರಾಜ್ ಹೋಗಿ ಹರಾಜು ಆಯಿತು, ಅದು ಕನ್ನಡ. ‘ಎಕ್ಸ್‌ಪೋರ್ಟ್’ ಬರೆಯಲು ಒತ್ತಕ್ಷರದ ಮೇಲೆ ಒತ್ತಕ್ಷರ, ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇರೆ ಬೇಕು. ಅದು ಕನ್ನಡವಲ್ಲ, ಕನ್ನಡ ಅಕ್ಷರ ತೊಟ್ಟ ಇಂಗ್ಲಿಷು.

ಚಿಂತಾಮಣಿಯ ಗಾಡಿ ವ್ಯಾಪಾರಿ

ಹಾಗಾದ್ರೆ ‘ಸೆಕೆಂಡಾಂಡು’ ಅಂತ ಬರೀಲಾ ಮೇಷ್ಟ್ರೇ? ನಮ್ಮ ಸಂತೇಲಿ ಎಲ್ರೂ ಅನ್ನೋದು ಹಾಗೇನೇ. ಪೂರ್ತಿ ಒಗ್ಗಿದೆ.

ಕೋಲಾರದ ಡಿಟಿಪಿ ಅಂಗಡಿಯಿಂದ

ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಆಯಿತು, ಬೋರ್ಡೂ ಆಯಿತು. ಕೊನೆಗೆ ಗಿರಾಕಿ ಒಪ್ಪಿದ್ದು ಹೀಗೆ: ಮೇಲೆ ದೊಡ್ಡದಾಗಿ ‘ಸೆಕೆಂಡ್ ಹ್ಯಾಂಡ್ ಕಾರು’, ಕೆಳಗೆ ‘ದೇಶದಲ್ಲಿ ಓಡಿದ್ದು, ಹೊರದೇಶದಲ್ಲಿ ಓಡಿದ್ದು’, ಅದರ ಕೆಳಗೆ ‘ಆಮದು, ರಫ್ತು ಕಾಗದಪತ್ರ’. ‘ಕಾರು’ ಇಲ್ಲದೆ ‘ಓಡಿದ್ದು’ ಅಂತ ಮಾತ್ರ ಹಾಕಿದ್ದಕ್ಕೆ ಓಡಿಹೋದ ಅರ್ಥ ಬರಲ್ಲ ಅಂದುಕೊಂಡಿದ್ದೇನೆ. ಕರಪತ್ರದಲ್ಲಿ ‘ಸ್ಟೇರಿಂಗ್ ಬಲಗಡೆ’ ಹೋಯಿತು. ‘ಯಾವುದೇ’ ಎರಡೂ ಹೋದವು. ‘ಹೆಜ್ಜುಂಕ’ ಹಾಕಲು ಧೈರ್ಯ ಬರಲಿಲ್ಲ, ‘ಸುಂಕ’ ಹಾಕಿದೆ.

ಒಂದು ಎಡವಟ್ಟು ಆಗಿದೆ. ಪೇಂಟರ್ ‘ರಫ್ತು’ ಬದಲು ‘ರಪ್ತು’ ಅಂತ ಬರೆದಿದ್ದಾನೆ. ಎನಾಮಲ್ ಪೇಂಟು, ಒಣಗಿಹೋಗಿದೆ. ಕೇಳಿದರೆ “ನಾವು ಅನ್ನೋದೇ ಹಂಗೆ ಕಣಕ್ಕಾ” ಅಂದ. ತಿದ್ದಿಸಬೇಕು ಅಂದರೆ ಇನ್ನೊಂದು ದಿನದ ಕೂಲಿ ಕೊಡಬೇಕು. ಏನು ಮಾಡಲಿ?

ತುಮಕೂರಿನ ನಿವೃತ್ತ ಮೇಷ್ಟ್ರು

ತಿದ್ದಿಸಬೇಡಿ. ಬೋರ್ಡಿನಲ್ಲಿ ಸರಿಯಾಗಿರುವ ಪದ ಅದೊಂದೇ.