ಶುಗರ್ ಬಂದಿದೆ ಅಂತ ಯಾರಿಗೂ ಹೇಳೋಕೆ ಆಗ್ತಿಲ್ಲ, ಡಾಕ್ಟರೇ

ಪ್ರಶ್ನೆ (ಹೆಸರು ಹಾಕಬೇಡಿ ಎಂದಿದ್ದಾರೆ):
ನಮಸ್ತೆ ಮೇಡಂ. ನನಗೆ 46 ವರ್ಷ. ಹಾಸನ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಸುಸ್ತು ಜಾಸ್ತಿ ಅಂತ ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ 168, ಎಚ್‌ಬಿಎ1ಸಿ 8.2 (ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ). ಮೆಟ್‌ಫಾರ್ಮಿನ್ ಬರೆದುಕೊಟ್ಟಿದ್ದಾರೆ, ಬೆಳಿಗ್ಗೆ ಒಂದು, ರಾತ್ರಿ ಒಂದು.

ಮಾತ್ರೆ ತಗೊಳ್ಳುತ್ತಿದ್ದೇನೆ. ಮನಸ್ಸು ಮಾತ್ರ ಒಪ್ಪುತ್ತಿಲ್ಲ. ನಮ್ಮಪ್ಪನಿಗೂ ಶುಗರ್ ಇತ್ತು. ಮೊದಲು ಕಾಲಿನ ಬೆರಳು ತೆಗೆದರು, ಕೊನೆಗೆ ಕಿಡ್ನಿ ಹೋಯಿತು. ರಾತ್ರಿ ಮಲಗಿದರೆ ಅದೇ ಕಣ್ಣಮುಂದೆ ಬರುತ್ತದೆ. ನಾನೇ ಬಾಯಿ ಕಟ್ಟದೆ ತಂದುಕೊಂಡೆ ಅಂತ ಅನ್ನಿಸುತ್ತದೆ.

ಯಜಮಾನರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅತ್ತೆಗೆ ಕಾಣದ ಹಾಗೆ ಮಾತ್ರೆಯನ್ನು ಸಾರಿನಪುಡಿ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಮಗಳಿಗೆ ಗಂಡು ನೋಡುತ್ತಿದ್ದೇವೆ. ‘ಆ ಮನೆತನದಲ್ಲಿ ಶುಗರ್ ಇದೆ’ ಅಂತ ಮಾತು ಬಂದರೆ ಏನು ಗತಿ? ಮೊನ್ನೆ ಒಂದು ಮದುವೆಯಲ್ಲಿ ಹೋಳಿಗೆ ಬೇಡ ಅಂದರೆ ಯಾಕೆ ಅಂತ ಕೇಳುತ್ತಾರಲ್ಲ ಅಂತ ಎರಡು ಹಾಕಿಸಿಕೊಂಡು, ತುಪ್ಪವನ್ನೂ ಬಿಡಿಸಿಕೊಂಡು ತಿಂದೆ. ಮನೆಗೆ ಬಂದು ನೋಡಿದರೆ 236. ಬಚ್ಚಲುಮನೆಯಲ್ಲಿ ಕೂತು ಅತ್ತುಬಿಟ್ಟೆ. ಈಗ ದಿನಕ್ಕೆ ಆರೇಳು ಸಲ ಬೆರಳು ಚುಚ್ಚಿಕೊಳ್ಳುತ್ತೇನೆ. 140 ಬಂದರೆ ಖುಷಿ, 155 ಬಂದರೆ ಇಡೀ ದಿನ ಹಾಳು. ಇದು ಸರಿಹೋಗುತ್ತಾ?

ವೈದ್ಯೆಯ ಉತ್ತರ:
ಟೀಚರೇ, ಹೋಳಿಗೆಯಿಂದಲೇ ಶುರು ಮಾಡುತ್ತೇನೆ. ನೀವು ಅದನ್ನು ಚಪಲಕ್ಕೆ ತಿಂದಿಲ್ಲ. ಗುಟ್ಟು ಕಾಪಾಡೋಕೆ ತಿಂದಿರಿ. ಆ 236ರಲ್ಲಿ ಬೆಲ್ಲದಷ್ಟೇ ಪಾಲು ಆ ಗುಟ್ಟಿಗೂ ಇದೆ. ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಇದನ್ನು ದಿನಾ ನೋಡುತ್ತೇನೆ. ನಾಚಿಕೆಯಿಂದ ಮುಚ್ಚಿಡುತ್ತಾರೆ. ಮುಚ್ಚಿಡೋಕೆ ಸಿಹಿ ತಿನ್ನುತ್ತಾರೆ, ಯಾರಾದರೂ ಎದುರಿಗಿದ್ದರೆ ಮಾತ್ರೆ ಬಿಡುತ್ತಾರೆ. ಆಮೇಲೆ ಮೀಟರ್ ನೋಡಿ ಇನ್ನಷ್ಟು ನಾಚಿಕೆ.

‘ನಾನೇ ತಂದುಕೊಂಡೆ’ ಅನ್ನುವುದು ಪೂರ್ತಿ ನಿಜ ಅಲ್ಲ. ತಂದೆಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ. ನಮ್ಮ ದೇಶದವರಿಗೆ ಬೇರೆ ಎಷ್ಟೋ ಕಡೆಯವರಿಗಿಂತ ಚಿಕ್ಕ ವಯಸ್ಸಿಗೆ, ಕಡಿಮೆ ತೂಕಕ್ಕೇ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಅಷ್ಟೂ ಜನ ಬಾಯಿ ಕಟ್ಟದವರು ಅನ್ನೋಕಾಗುತ್ತಾ? ನಿಮ್ಮ ಮಗಳ ಮದುವೆಯ ಚಿಂತೆಗೂ ಇದೇ ಉತ್ತರ. ಬರುವ ಬೀಗರ ಮನೆಯಲ್ಲೂ ಯಾರಾದರೂ ಒಬ್ಬರು ಮಾತ್ರೆ ನುಂಗುತ್ತಿರಬಹುದು.

ಇನ್ನು ನಿಮ್ಮ ತಂದೆಯವರ ವಿಷಯ. ಅವರಿಗೆ ಆದದ್ದೇ ನಿಮಗೂ ಆಗುತ್ತದೆ ಅಂತ ಬರೆದಿಟ್ಟಿಲ್ಲ. ಬ್ರಿಟನ್ನಿನಲ್ಲಿ ಹೊಸದಾಗಿ ಶುಗರ್ ಕಾಣಿಸಿಕೊಂಡ 5,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಯುಕೆಪಿಡಿಎಸ್ ಅನ್ನುವ ದೊಡ್ಡ ಅಧ್ಯಯನ ಇದೆ. 1998ರಲ್ಲಿ ಅದರ ಫಲಿತಾಂಶ ಬಂತು. ಬಿಗಿಯಾಗಿ ಹತೋಟಿಯಲ್ಲಿ ಇಟ್ಟುಕೊಂಡವರಲ್ಲಿ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ಸುಮಾರು ಕಾಲು ಭಾಗ ಕಡಿಮೆ ಇತ್ತು. ಶುರುವಿನಲ್ಲೇ ಹಿಡಿದರೆ ಅದರ ಲಾಭ ಹತ್ತು ವರ್ಷ ಕಳೆದರೂ ಉಳಿದಿತ್ತು. ನೀವು ಈಗ ಶುರುವಿನಲ್ಲೇ ಇದ್ದೀರಿ. ಹೆದರಿಕೆಯನ್ನು ಒಂದು ಕೆಲಸಕ್ಕೆ ಹಚ್ಚಿ: ಈ ತಿಂಗಳೇ ಕಣ್ಣಿನ ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆ, ಕಿಡ್ನಿಗಾಗಿ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್, ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ರಾತ್ರಿ ಮೊಬೈಲಿನಲ್ಲಿ ಹುಡುಕಿದರೆ ಸಿಗದ ಸಮಾಧಾನ ಆ ರಿಪೋರ್ಟಿನಲ್ಲಿ ಸಿಗಬಹುದು. ಏನಾದರೂ ಇದ್ದರೂ ಬೇಗ ಗೊತ್ತಾಗುತ್ತದೆ.

ಮೀಟರ್ ಬಗ್ಗೆ ಗಣಿತದ ಟೀಚರಿಗೆ ಗಣಿತದಲ್ಲೇ ಹೇಳುತ್ತೇನೆ. ಒಳ್ಳೆಯ ಗ್ಲುಕೋಮೀಟರಿಗೂ ಶೇಕಡಾ 15ರಷ್ಟು ಆಚೀಚೆ ಆಗುವ ಅವಕಾಶ ಇದೆ. ಅಂದರೆ ನಿಮ್ಮ 140 ಮತ್ತು 155 ಒಂದೇ ಸಂಖ್ಯೆ ಆಗಿರಬಹುದು. ಬಾಳೆಹಣ್ಣು ಸುಲಿದ ಕೈ ತೊಳೆಯದೆ ಚುಚ್ಚಿಕೊಂಡರೆ ಇನ್ನೂ ಮೇಲೆ ತೋರಿಸುತ್ತದೆ. ನೀವು ಅದನ್ನು ಪರೀಕ್ಷೆಯ ಅಂಕದ ಹಾಗೆ ಓದುತ್ತಿದ್ದೀರಿ, ಪಾಸು ಫೇಲು ಅಂತ. ಮೆಟ್‌ಫಾರ್ಮಿನ್ ಒಂದೇ ತಗೊಳ್ಳುವ ಬಹಳ ಮಂದಿಗೆ ದಿನಾ ನೋಡುವ ಅಗತ್ಯವೇ ಇರುವುದಿಲ್ಲ. ವಾರಕ್ಕೆ ಎರಡು ಮೂರು ಸಲ, ಒಮ್ಮೆ ಖಾಲಿ ಹೊಟ್ಟೆ, ಒಮ್ಮೆ ಊಟವಾಗಿ ಎರಡು ಗಂಟೆಗೆ ನೋಡಿದರೆ ಸಾಕಾಗಬಹುದು. ನಿಮ್ಮ ಡಾಕ್ಟರನ್ನು ಕೇಳಿ ನಿಗದಿ ಮಾಡಿಕೊಳ್ಳಿ. ಮೂರು ತಿಂಗಳಿಗೆ ಎಚ್‌ಬಿಎ1ಸಿ ಮಾಡಿಸಿದರೆ ಒಟ್ಟು ಚಿತ್ರ ಗೊತ್ತಾಗುತ್ತದೆ.

ಅತ್ತೆಗೆ ಹೇಳಿ. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಡುಗೆಮನೆಯಲ್ಲೇ, ಎರಡೇ ಮಾತು: ‘ಅತ್ತೆ, ನನಗೆ ಶುಗರ್ ಬಂದಿದೆ. ಮಾತ್ರೆ ನಡೀತಿದೆ. ಮುದ್ದೆ ಚಿಕ್ಕದು ಮಾಡಿ ಸೊಪ್ಪು, ಕಾಳಿನ ಪಲ್ಯ ಜಾಸ್ತಿ ಮಾಡೋಣ.’ ಹೆಚ್ಚು ವಿವರಿಸಬೇಡಿ. ಊರಿಗೆಲ್ಲ ಹೇಳಬೇಕಾಗಿಯೂ ಇಲ್ಲ. ಮಾತ್ರೆ ಮಾತ್ರ ಸಾರಿನಪುಡಿ ಹಿಂದಿನಿಂದ ಊಟದ ಮೇಜಿಗೆ ಬರಲಿ.

ಅದೇ ಓದುಗರು:
ಓದಿ ಸ್ವಲ್ಪ ಹಗುರಾಯಿತು ಮೇಡಂ. ಇನ್ನೊಂದು. ಮೂರನೇ ಪೀರಿಯಡ್‌ನಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಶುಗರ್ ಕಡಿಮೆ ಆಗುತ್ತಿದೆಯೋ, ಗಾಬರಿಯೋ ಗೊತ್ತಾಗುತ್ತಿಲ್ಲ.

ವೈದ್ಯೆ:
ಎರಡಕ್ಕೂ ಲಕ್ಷಣ ಒಂದೇ ಥರ, ಅದಕ್ಕೇ ಗೊಂದಲ. ನಿಜವಾಗಿ ಮೀಟರ್ ಬೇಕಾಗಿರುವುದು ಆಗ. ನಡುಕ ಬಂದ ಹೊತ್ತಿಗೇ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮೆಟ್‌ಫಾರ್ಮಿನ್ ಒಂದರಿಂದಲೇ ಅಷ್ಟು ಇಳಿಯುವುದು ಅಪರೂಪ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದವರಿಗೆ ಆಗುವುದು ಜಾಸ್ತಿ. ಬಹಳ ದಿನ ಮೇಲಿದ್ದ ಸಕ್ಕರೆ ಕೆಳಗೆ ಬರುವಾಗ 100, 110 ಇದ್ದರೂ ದೇಹಕ್ಕೆ ಕಡಿಮೆ ಅನ್ನಿಸಿ ನಡುಗುತ್ತದೆ. ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಬೆಳಿಗ್ಗೆ ತಿಂಡಿ ಬಿಟ್ಟು ಸ್ಕೂಲಿಗೆ ಹೋಗುತ್ತಿದ್ದೀರಾ? ಹಾಗಿದ್ದರೆ ಅದನ್ನು ಮೊದಲು ನಿಲ್ಲಿಸಿ.

ಗಾಬರಿಯೇ ಆಗಿದ್ದರೂ ‘ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ’ ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಆತಂಕ ಆದಾಗ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಏರುತ್ತವೆ, ಅವು ಸಕ್ಕರೆಯನ್ನೂ ಏರಿಸುತ್ತವೆ. ಕಾಯಿಲೆ ನಿಭಾಯಿಸುವ ಭಾರದಿಂದ ಬರುವ ಈ ಬೇಸರಕ್ಕೆ ಡಯಾಬಿಟಿಸ್ ಡಿಸ್ಟ್ರೆಸ್ ಅಂತಲೇ ಹೆಸರಿದೆ. ಮಾತಾಡಿದರೆ, ದಿನಚರಿ ಸರಿಹೋದರೆ ಹೆಚ್ಚಿನವರಲ್ಲಿ ಕಡಿಮೆ ಆಗುತ್ತದೆ. ಆದರೆ ಎರಡು ವಾರಕ್ಕೂ ಮೀರಿ ದಿನವಿಡೀ ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು, ತಡ ಮಾಡಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಬ್ಬ ಸದಸ್ಯರು:
ಮಾತ್ರೆ ಯಾಕೆ ಮೇಡಂ? ನಮ್ಮ ಕಡೆ ಒಬ್ಬರು ಕೊಡುವ ಪುಡಿ ಮೂರು ತಿಂಗಳು ತಗೊಂಡರೆ ಬೇರುಸಹಿತ ಹೋಗುತ್ತದೆ.

ವೈದ್ಯೆ:
ಹಾಗಲಕಾಯಿ ಗೊಜ್ಜು ತಿನ್ನಿ, ನನ್ನ ಅಭ್ಯಂತರ ಇಲ್ಲ. ಒಳಗೆ ಏನಿದೆ ಅಂತ ಬರೆಯದ ಪುಡಿ ಬೇಡ. ಇಂಥ ಕೆಲವು ‘ಗಿಡಮೂಲಿಕೆ’ ಪುಡಿಗಳಲ್ಲಿ ಇಂಗ್ಲಿಷ್ ಔಷಧಿಯ ಶುಗರ್ ಮಾತ್ರೆಯನ್ನೇ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದೆ. ಈ ಟೀಚರಿಗೆ ದಯವಿಟ್ಟು ಆ ಪುಡಿ ಕೊಡುವವರ ನಂಬರ್ ಕಳಿಸಬೇಡಿ.

ಮತ್ತೊಬ್ಬರು (ಮೈಸೂರು):
ನನ್ನ ಹೆಂಡತಿಗೂ ಹೀಗೇ. ಎಷ್ಟು ಹೇಳಿದರೂ ಕದ್ದು ಸ್ವೀಟ್ ತಿನ್ನುತ್ತಾಳೆ. ಫ್ರಿಜ್ಜಿಗೆ ಬೀಗ ಹಾಕೋಣ ಅನ್ನಿಸುತ್ತದೆ.

ವೈದ್ಯೆ:
ಬೀಗ ಹಾಕಿದರೆ ಬೇಕರಿ ಇದೆಯಲ್ಲ ಸರ್! ನೀವು ಕಾವಲು ಕಾದಷ್ಟೂ ಅವರು ಕದಿಯುತ್ತಾರೆ. ಮನೆಯಲ್ಲಿ ನಾಲ್ಕು ಜನರ ಎದುರಿಗೆ ‘ಇವಳಿಗೆ ಶುಗರ್, ಹಾಕಬೇಡಿ’ ಅಂತ ಹೇಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ‘ನಾನೇನು ಮಾಡಿದರೆ ನಿನಗೆ ಅನುಕೂಲ?’ ಅಂತ ಒಂದು ಸಲ ಕೇಳಿ, ಅವರು ಹೇಳಿದ್ದನ್ನು ಮಾಡಿ. ನಿಮ್ಮ ತಟ್ಟೆಯನ್ನೂ ಅವರ ತಟ್ಟೆಯ ಹಾಗೇ ಮಾಡಿಕೊಳ್ಳಿ. ರಾತ್ರಿ ಊಟದ ಮೇಲೆ ಇಬ್ಬರೂ ಒಂದು ಸುತ್ತು ನಡೆದು ಬನ್ನಿ, ಆಗ ಶುಗರ್ ವಿಷಯ ಮಾತ್ರ ಎತ್ತಬೇಡಿ.

ಒಬ್ಬ ತಾಯಿ:
ನನ್ನ ಮಗನಿಗೆ 11 ವರ್ಷ, ಟೈಪ್ 1. ನಾನು ಚಾಕೊಲೇಟ್ ಜಾಸ್ತಿ ಕೊಟ್ಟೆ ಅಂತ ಮನೆಯವರೆಲ್ಲ ಅನ್ನುತ್ತಾರೆ.

ವೈದ್ಯೆ:
ಅದು ಸುಳ್ಳಮ್ಮ. ಟೈಪ್ 1 ಚಾಕೊಲೇಟಿನಿಂದ ಬರುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು ನಾಶ ಮಾಡಿರುತ್ತದೆ. ಯಾರ ತಪ್ಪೂ ಅಲ್ಲ. ಮನೆಯವರನ್ನು ಮುಂದಿನ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಈ ಮಾತನ್ನು ಡಾಕ್ಟರ ಬಾಯಲ್ಲೇ ಹೇಳಿಸಿ. ಯಾರು ಏನೇ ಹೇಳಲಿ, ಇನ್ಸುಲಿನ್ ಒಂದು ದಿನವೂ ನಿಲ್ಲಿಸಬಾರದು, ಜೀವಕ್ಕೆ ಅಪಾಯ. ಕ್ಲಾಸ್ ಟೀಚರಿಗೆ, ಪಿಟಿ ಮೇಷ್ಟ್ರಿಗೆ ತಿಳಿಸಿ, ಬ್ಯಾಗಿನಲ್ಲಿ ಗ್ಲುಕೋಸ್ ಇಡಿ. ಸಿಬಿಎಸ್‌ಇಯವರು 2017ರಲ್ಲೇ ಇಂಥ ಮಕ್ಕಳು ಬೋರ್ಡ್ ಪರೀಕ್ಷೆಗೆ ತಿಂಡಿ, ಸಕ್ಕರೆ ಮಾತ್ರೆ ತರಬಹುದು ಅಂತ ಒಪ್ಪಿದ್ದಾರೆ. ಅದನ್ನು ತೋರಿಸಿದರೆ ಶಾಲೆಯವರ ಜೊತೆ ಮಾತಾಡೋದು ಸುಲಭ. ಆಟ ಮಾತ್ರ ಬಿಡಿಸಬೇಡಿ.

ಮೊದಲು ಕೇಳಿದ ಓದುಗರು:
ಕೊನೆಯದು ಮೇಡಂ. ಮುಂದಿನ ತಿಂಗಳು ಇನ್ನೊಂದು ಮದುವೆ ಇದೆ. ಹೋಳಿಗೆ ಬಂದರೆ ಏನು ಮಾಡಲಿ?

ವೈದ್ಯೆ:
ಅರ್ಧ ಹಾಕಿಸಿಕೊಳ್ಳಿ. ಆ ಹೊತ್ತು ಅನ್ನ ಕಡಿಮೆ ಮಾಡಿ, ಕೋಸಂಬರಿ, ಪಲ್ಯ ಮೊದಲು ತಿನ್ನಿ. ಯಾರಾದರೂ ಯಾಕೆ ಅಂದರೆ ‘ಅರ್ಧ ಸಾಕು’ ಅನ್ನಿ. ಅಷ್ಟು ಸಾಕು, ಕಾರಣ ಕೊಡಬೇಕಾಗಿಲ್ಲ. ಎಚ್‌ಬಿಎ1ಸಿ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.