ಭಾನುವಾರ ಪೂರ್ತಿ ಮನೆ ಕ್ಲೀನಿಂಗಿಗೇ ಹೋಗುತ್ತಿದೆ, ಏನಾದ್ರೂ ದಾರಿ ಹೇಳಿ

ನವನಗರದವಳು, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಎರಡು ಬೆಡ್‌ರೂಮಿನ ಮನೆ, ಇಬ್ಬರು ಮಕ್ಕಳು, ಮೊಣಕಾಲು ನೋವಿನ ಅತ್ತೆ. ನಾನೂ ನಮ್ಮನೆಯವರೂ ಇಬ್ಬರೂ ನೌಕರಿಗೆ ಹೋಗುತ್ತೇವೆ. ಕಸ-ಮುಸುರೆಗೆ ಬರುತ್ತಿದ್ದ ಅಕ್ಕ ದೀಪಾವಳಿ ಆದ ಮೇಲೆ ಮಗಳ ಊರಿಗೆ ಹೋದರು. ಅವರ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ವಾರವೆಲ್ಲ ಮೇಲ್ಮೇಲೆ ಕಸ ಹೊಡೆದು ಬಿಡುತ್ತೇನೆ, ಭಾನುವಾರ ಬೆಳಿಗ್ಗೆ ಸೊಂಟ ಕಟ್ಟಿ ನಿಂತರೆ ಸಂಜೆ ನಾಲ್ಕಾದರೂ ಮುಗಿಯುವುದಿಲ್ಲ. ಬುಧವಾರಕ್ಕೆ ಮತ್ತೆ ಟಿವಿ ಮೇಲಿನ ಧೂಳಲ್ಲಿ ಬೆರಳಿಂದ ಹೆಸರು ಬರೆಯಬಹುದು. ಮಗ ನಿಜವಾಗ್ಲೂ ಬರೆದಿದ್ದಾನೆ.

ಯೂಟ್ಯೂಬ್ ನೋಡಿ ಟೈಮ್‌ಟೇಬಲ್ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದೆ. ಸೋಮವಾರ ಬಚ್ಚಲು, ಮಂಗಳವಾರ ಫ್ಯಾನು ಮತ್ತು ಜೇಡರ ಬಲೆ, ಹೀಗೆ. ಎರಡನೇ ವಾರಕ್ಕೇ ಕೆಟ್ಟಿತು. ಸೋಮವಾರ ಮನೆಯಲ್ಲಿ ನೀರೇ ಇರಲಿಲ್ಲ. ಮಂಗಳವಾರ ಬಲೆ ತೆಗೆಯಬಾರದು ಅಂತ ಅತ್ತೆ. ನಾನು ಮನೆ ಸೇರುವುದು ಆರೂವರೆಗೆ, ಅಷ್ಟೊತ್ತಿಗೆ ದೇವರ ದೀಪ ಹಚ್ಚಿರುತ್ತಾರೆ, ದೀಪ ಹಚ್ಚಿದ ಮೇಲೆ ಕಸಬರಿಗೆ ಹಿಡಿದರೆ ಲಕ್ಷ್ಮಿ ಹೊರಗೆ ಹೋಗುತ್ತಾಳಂತೆ. ಇದಕ್ಕೆಲ್ಲ ಜಗಳ ಆಡುವ ಶಕ್ತಿ ನನಗಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಗುಮ್ಮಟದೂರಿನವ, ವಿಜಯಪುರ

ಅಕ್ಕಾರೇ, ಮೊದಲು ಆ ಟೈಮ್‌ಟೇಬಲ್ ಹರಿದು ಒಗೆಯಿರಿ. ಅದನ್ನು ಮಾಡಿದವರ ಮನೆ ನಲ್ಲಿಯಲ್ಲಿ ದಿನಾ ನೀರು ಬರುತ್ತೆ, ನಮ್ಮಲ್ಲಿ ಬರುತ್ತಾ? ನಮ್ಮ ಗಲ್ಲಿಗೆ ಒಮ್ಮೆ ನಾಲ್ಕು ದಿನಕ್ಕೆ ಬಿಡುತ್ತಾರೆ, ಒಮ್ಮೆ ಏಳು ದಿನಕ್ಕೆ. ಅದಕ್ಕೇ ನಮ್ಮ ಮನೆಯಲ್ಲಿ ವಾರದ ಲೆಕ್ಕ ಬಿಟ್ಟು ನೀರಿನ ಲೆಕ್ಕ ಹಿಡಿದಿದ್ದೇವೆ. ಒಣ ಕೆಲಸ ದಿನಾ ಸ್ವಲ್ಪ ಸ್ವಲ್ಪ, ಹಸಿ ಕೆಲಸ ಎಲ್ಲ ನೀರು ಬರುವ ಹಿಂದಿನ ರಾತ್ರಿ.

ಯಾಕೆ ಹಿಂದಿನ ರಾತ್ರಿ ಅಂದ್ರೆ, ಡ್ರಮ್ಮಿನ ತಳದಲ್ಲಿ ಹಳೇ ನೀರು ಉಳಿದಿರುತ್ತಲ್ಲ, ನೆಲ ಒರೆಸಲು, ಬಚ್ಚಲು ತಿಕ್ಕಲು ಅದೇ ಸಾಕು. ಎರಡು ಕೊಡ ಎತ್ತಿಟ್ಟುಕೊಳ್ಳಿ, ನೀರು ಬಿಡುವವರನ್ನು ನಂಬಬೇಡಿ. ಆಮೇಲೆ ಖಾಲಿ ಡ್ರಮ್ಮಿಗೆ ಕೈ ಹಾಕಿ ಒಳಗೋಡೆ ಗಟ್ಟಿಯಾಗಿ ತಿಕ್ಕಿ. ಇದನ್ನು ಮಾತ್ರ ಬಿಡಬೇಡಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನಾವು ತುಂಬಿಟ್ಟ ಇಂಥ ತಿಳಿನೀರಲ್ಲೇ. ಮೊಟ್ಟೆ ಹಾರುವ ಸೊಳ್ಳೆ ಆಗಲು ಸುಮಾರು ಒಂದು ವಾರದಿಂದ 10 ದಿನ ಸಾಕು. ಮೊಟ್ಟೆ ನೀರಿನ ಅಂಚಿಗೆ, ಗೋಡೆಗೆ ಅಂಟಿಕೊಂಡಿರುತ್ತೆ, ಡ್ರಮ್ಮು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಸುಮ್ನೆ ನೀರು ಚೆಲ್ಲಿ ಬಗ್ಗಿಸಿಟ್ಟರೆ ಆಗಲ್ಲ. ಹೋದ ವರ್ಷ ನನ್ನ ಮಗಳು ಒಂದು ವಾರ ಆಸ್ಪತ್ರೆಯಲ್ಲಿದ್ದಳು, ಅಲ್ಲಿಂದ ನನಗೆ ಬುದ್ಧಿ ಬಂತು. ಮುಚ್ಚಳ ಸರಿಯಿಲ್ಲದಿದ್ದರೆ ಹಳೇ ಪಂಚೆ ಬಿಗಿಯಾಗಿ ಕಟ್ಟಿ.

ಧೂಳಿಗೆ ಪೂರ್ತಿ ಔಷಧ ಇಲ್ಲ, ಎರೆಮಣ್ಣಿನ ಸೀಮೆ ನಮ್ಮದು. ಬೇಸಿಗೆಯಲ್ಲಿ ಗಾಳಿ ಏಳುವ ಮೊದಲೇ, ಮಧ್ಯಾಹ್ನ ಮೂರಕ್ಕೆಲ್ಲ, ಕಿಟಕಿ ಹಾಕಲು ಅತ್ತೆಗೆ ಹೇಳಿ. ಹೊಸ್ತಿಲ ಹೊರಗೊಂದು ಗೋಣಿತಟ್ಟು, ಒಳಗೊಂದು ಕಾಲೊರಸು ಹಾಕಿ. ಫ್ಯಾನಿಗೆ ಹಳೇ ದಿಂಬಿನ ಕವರು ತೊಡಿಸಿ ಎಳೆಯಿರಿ, ಧೂಳು ಕವರಿನೊಳಗೇ ಉಳಿಯುತ್ತೆ.

ಟಿಳಕವಾಡಿ ಕಾಕು, ಬೆಳಗಾವಿ

ತಂಗೀ, ದೀಪದ ವಿಷಯಕ್ಕೆ ನಮ್ಮತ್ತೆಯೇ ಒಂದು ದಾರಿ ತೋರಿಸಿದ್ದರು. ಕಸ ಹೊಡೆಯಬಹುದು, ಹೊರಗೆ ಚೆಲ್ಲಬಾರದು, ಅಷ್ಟೇ. ಮೂಲೆಯಲ್ಲಿ ಗುಡ್ಡೆ ಮಾಡಿ ಮೊರ ಮುಚ್ಚಿಡು, ಬೆಳಿಗ್ಗೆ ಎತ್ತು. ನಿಮ್ಮತ್ತೆಯನ್ನೇ ಕೇಳಿ ನೋಡು, ಅವರ ಕಾಲದಲ್ಲೂ ಹೀಗೇ ಮಾಡಿರುತ್ತಾರೆ.

ಇನ್ನು ದಿನಾ ಮಾಡಲೇಬೇಕಾದ್ದು ಅಂದ್ರೆ ಅಡುಗೆಮನೆ ಕಟ್ಟೆ ಮತ್ತು ಬಚ್ಚಲು. ಉಳಿದದ್ದು ನಾಲ್ಕು ದಿನ ತಡ ಆದರೆ ಯಾರೂ ಸಾಯುವುದಿಲ್ಲ. ರೊಟ್ಟಿ ಬಡಿದ ಮೇಲೆ ಕಟ್ಟೆಗೆ ತಕ್ಷಣ ಹಸಿ ಬಟ್ಟೆ ಹಾಕಬೇಡ. ಜೋಳದ ಹಿಟ್ಟು ನೀರು ಕುಡಿದು ಗಂಜಿಯಾಗಿ ಗ್ಯಾಸ್ ಒಲೆಯ ಕಾಲಿಗೆ, ಗೋಡೆಯ ಸಂದಿಗೆ ಹೋಗಿ ಕೂರುತ್ತೆ. ನಾಳೆ ಅದನ್ನು ಚಾಕುವಿನಿಂದ ಕೆರೆಯಬೇಕು. ಮೊದಲು ಒಣ ಬಟ್ಟೆಯಿಂದ ಹಿಟ್ಟು ಸರಿಸಿ ತೆಗೆ, ಆಮೇಲೆ ಒರೆಸು, ಎರಡು ನಿಮಿಷದ ಕೆಲಸ.

ನಲ್ಲಿ ಮೇಲೆ, ಸ್ಟೀಲ್ ಬಕೆಟ್ಟಿನ ಮೇಲೆ ಗಡಸು ನೀರಿನ ಬಿಳಿ ಕಟ್ಟುತ್ತಲ್ಲ, ಅದಕ್ಕೆ ಹಿಂಡಿದ ಲಿಂಬೆ ಹೋಳು ತಿಕ್ಕಿ ಹತ್ತು ನಿಮಿಷ ಬಿಟ್ಟು ತೊಳೆ. ಆದರೆ ಲಿಂಬೆಹುಳಿಯಾಗಲಿ ಆಸಿಡ್ಡಾಗಲಿ ಶಹಾಬಾದಿ ಫರಶಿಗೆ ತಾಗಿಸಬೇಡ. ಅದು ಸುಣ್ಣದ ಕಲ್ಲು, ಹುಳಿ ಬಿದ್ದರೆ ತಿಂದುಬಿಡುತ್ತೆ. ನಮ್ಮ ಪಡಸಾಲೆಯಲ್ಲಿ ನಾನು ಆಸಿಡ್ ಹಾಕಿ ತಿಕ್ಕಿದ ಜಾಗ ಇನ್ನೂ ಬೂದಿ ಚೆಲ್ಲಿದ ಹಾಗಿದೆ, ಮೇಲೆ ಚಾಪೆ ಹಾಸಿಟ್ಟಿದ್ದೇನೆ. ಇನ್ನೊಂದು ಸಲ ಬೇಗ ಮುಗಿಯಲಿ ಅಂತ ಪಾಯಖಾನೆಗೆ ಬ್ಲೀಚಿಂಗ್ ಪೌಡರ್ ಹಾಕಿ ಅದರ ಮೇಲೇ ಆಸಿಡ್ ಸುರಿದೆ. ಎದ್ದದ್ದು ಕ್ಲೋರಿನ್ ಗ್ಯಾಸು. ಕಣ್ಣಲ್ಲಿ ನೀರು, ಉಸಿರು ಕಟ್ಟಿ ಹೊರಗೆ ಓಡಿ ಬಂದು ತುಳಸಿಕಟ್ಟೆ ಹತ್ತಿರ ಕುಳಿತುಬಿಟ್ಟೆ. ಎರಡನ್ನೂ ಯಾವತ್ತೂ ಕೂಡಿಸಬೇಡ.

ವಿಜಯಪುರದ ಅಣ್ಣನವರು ಹೇಳಿದ ಕಿಟಕಿ ಮಾತು ನಮ್ಮ ಬೆಳಗಾವಿ ಮಳೆಗೆ ನಡೆಯಲ್ಲ ಬಿಡಿ. ಇಲ್ಲಿ ಆಷಾಢದಲ್ಲಿ ಕಿಟಕಿ ಹಾಕಿ ಕುಳಿತರೆ ಕಪಾಟಿನ ಹಿಂದೆ ಬೂಷ್ಟು ಬರುತ್ತೆ. ಕೌದಿ, ಜಂತಿ, ಅಟ್ಟ ಇವನ್ನೆಲ್ಲ ಮಹಾನವಮಿಗೆ ಬಿಟ್ಟುಬಿಡು. ಹೇಗೂ ಘಟ ಹಾಕುವ ಮೊದಲು ಮನೆಯೆಲ್ಲ ತೊಳೆಯಬೇಕು. ಪ್ರತಿ ಭಾನುವಾರ ಮಹಾನವಮಿ ಮಾಡಲು ಹೊರಟಿದ್ದೀಯಲ್ಲ, ಅದೇ ನಿನ್ನ ತಪ್ಪು.

ಜಮಖಂಡಿ ಹುಡುಗ

ಎಲ್ಲ ಸರಿ, ಆದ್ರೆ ಒಂದು ಕೇಳಲಾ? ಇಬ್ಬರೂ ನೌಕರಿಗೆ ಹೋಗುತ್ತೇವೆ ಅಂದಿರಿ. ಕೆಲಸದ ವಿಷಯ ಬಂದ ಕೂಡಲೇ ಬರೀ "ನಾನು" ಅಂತ ಇದೆ. ಭಾವನವರು ಭಾನುವಾರ ಏನು ಮಾಡುತ್ತಾರೆ? ಟಿವಿ ಮೇಲೆ ಹೆಸರು ಬರೆಯುವಷ್ಟು ದೊಡ್ಡವನಾದ ಮಗನಿಗೆ ಒಂದು ಬಟ್ಟೆ ಕೊಡಿ, ಬರೆದವನೇ ಒರೆಸಲಿ.

ನವನಗರದವಳು, ಬಾಗಲಕೋಟೆ

ಜಮಖಂಡಿ ತಮ್ಮಾ, ನಿನ್ನ ಪ್ರಶ್ನೆಯನ್ನು ನಮ್ಮನೆಯವರಿಗೆ ಜೋರಾಗಿ ಓದಿ ಹೇಳಿದೆ. ನೀರು ಬಂದ ದಿನ ಅವರು ಮೊದಲು ತೊಳೆಯುವುದು ಬೈಕು. ಬೈಕಿಗೆ ಎರಡು ಬಕೆಟ್, ನಮ್ಮ ಬಚ್ಚಲಿಗೆ ಒಂದು! ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಡ್ರಮ್ಮು ನನಗೆ ಬಿಡು ಅಂದರು. ಅವರ ಕೈ ಉದ್ದ, ತಳದವರೆಗೆ ಮುಟ್ಟುತ್ತೆ.

ಕಾಕು, ಮೊರ ಮುಚ್ಚಿಡುವ ಮಾತು ಕೇಳಿ ಅತ್ತೆ ನಕ್ಕರು. "ನಾವೂ ಹಂಗ ಮಾಡತಿದ್ವಿ, ನೀ ಕೇಳಿದ್ರ ಹೇಳತಿದ್ದೆ" ಅಂದರು. ಇಷ್ಟು ದಿನ ನಾನು ಕೇಳಿರಲೇ ಇಲ್ಲ.

ನಮ್ಮ ಸೆಕ್ಟರಿಗೆ ನಾಡಿದ್ದು ನೀರು ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ಈ ಭಾನುವಾರ ಫ್ಯಾನಿಗೆ ಕವರು ತೊಡಿಸಿ ಬಿಡುತ್ತೇನೆ, ಬೇರೇನೂ ಇಲ್ಲ. ಗ್ಯಾಸ್ ಒಲೆಯ ಕಾಲು ಈಗಷ್ಟೇ ನೋಡಿದೆ, ಕಾಕು ಹೇಳಿದ ಗಂಜಿ ಅಲ್ಲೇ ಇದೆ.