ಮಾಕಿನೊಹಾರಾ ಬರೀ ಟೀ ತೋಟದ ಊರಲ್ಲ ಅತ್ತಿಗೆ

ಅತ್ತಿಗೆ, ನಿಮ್ಮ ಮೆಸೇಜ್ ಕೇಳಿದೆ. ಪುಟ್ಟನಿಗೆ ಜಪಾನಿನ ಮಾಕಿನೊಹಾರಾದಲ್ಲಿ ಕೆಲಸ ಸಿಕ್ಕಿದೆ, ಮ್ಯಾಪಿನಲ್ಲಿ ನೋಡಿದರೆ ಎಲ್ಲಾ ಕಡೆ ಟೀ ತೋಟ, ಎಂಜಿನಿಯರಿಂಗ್ ಓದಿದವನಿಗೆ ಅಲ್ಲೇನು ಕೆಲಸ ಅಂತ ಕೇಳಿದ್ದೀರಿ, ಅಲ್ವಾ? ಉತ್ತರ ಸ್ವಲ್ಪ ಉದ್ದ, ಅಡುಗೆ ಮಾಡುತ್ತಾ ಕೇಳಿ.

ಅದು ಶಿಜುವೊಕಾ ಪ್ರಾಂತ್ಯದ ಸಮುದ್ರ ತೀರದ ಊರು. 2005ರಲ್ಲಿ ಸಗಾರಾ, ಹೈಬಾರಾ ಅನ್ನುವ ಎರಡು ಪಟ್ಟಣ ಸೇರಿಸಿ ಮಾಡಿದ್ದು. ಸಗಾರಾದಲ್ಲಿ ಸುಜುಕಿಯ ದೊಡ್ಡ ಕಾರ್ಖಾನೆ ಇದೆ. ಹೌದು, ನಮ್ಮ ಮಾರುತಿಯ ಸುಜುಕಿಯೇ. ಎಂಜಿನ್ ಅಲ್ಲೇ ಆಗುತ್ತದೆ, ಕಾರೂ ಅಲ್ಲೇ.

ಇನ್ನು ಆ ಟೀ ತೋಟ. ಅದೂ ತೀರಾ ಹಳೆಯದೇನಲ್ಲ. ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್‌ನ ಆಳ್ವಿಕೆ ಮುಗಿದಾಗ ಅವನ ಕಾವಲಿಗಿದ್ದ ಸಮುರಾಯ್ ಯೋಧರಿಗೆ ಕೆಲಸ ಹೋಯಿತು. 1869ರಲ್ಲಿ ಚೂಜೊ ಕಾಗೆಆಕಿ ಎಂಬಾತನ ಜೊತೆ ಅವರು ಈ ಬೋಳು ದಿಬ್ಬಕ್ಕೆ ಬಂದರು. ನೀರಿಲ್ಲದ ಜಾಗ, ಭತ್ತ ಆಗುವುದಿಲ್ಲ. ಕತ್ತಿ ಹಿಡಿದ ಕೈಯಲ್ಲಿ ಗುದ್ದಲಿ ಹಿಡಿದು ಟೀ ನೆಟ್ಟರು. ಪಕ್ಕದ ಓಯಿ ನದಿಗೆ ಮೊದಲು ಸೇತುವೆ ಕಟ್ಟಲು ಬಿಡುತ್ತಿರಲಿಲ್ಲ, ಜನರನ್ನು ಹೆಗಲ ಮೇಲೆ ಹೊತ್ತು ದಾಟಿಸುವವರಿದ್ದರು. ದೋಣಿ ಬಂದ ಮೇಲೆ ಅವರೂ ಕೆಲಸ ಕಳೆದುಕೊಂಡರು. ಅವರಲ್ಲೂ ಕೆಲವರು ಇಲ್ಲಿಗೇ ಬಂದರು. ನನಗಂತೂ ಸಮುರಾಯ್ ಕಥೆಗಿಂತ ಈ ಹೊರುವವರ ಕಥೆಯೇ ಜಾಸ್ತಿ ಇಷ್ಟ.

ಇದೇ ಸಗಾರಾದಲ್ಲಿ 1872ರಲ್ಲಿ ನೆಲದಡಿ ಕಚ್ಚಾ ತೈಲವೂ ಸಿಕ್ಕಿತ್ತು. ಈಗ ತೆಗೆಯುವುದಿಲ್ಲ ಬಿಡಿ.

ನಮ್ಮ ಚಿಕ್ಕಮಗಳೂರಿನ ಎಸ್ಟೇಟ್, ಲೈನ್ ಮನೆ ನೆನೆಸಿಕೊಳ್ಳಬೇಡಿ. ಅಲ್ಲಿ ಒಂದೊಂದು ಕುಟುಂಬಕ್ಕೆ ಸಣ್ಣ ತೋಟ, ಕೊಯ್ಯುವುದು ಮಿಷನ್ನಿನಲ್ಲಿ. ತೋಟದ ತುಂಬ ಕಂಬದ ಮೇಲೆ ಫ್ಯಾನ್ ಕಾಣುತ್ತವೆ. ಸೆಕೆಗಲ್ಲ! ಚಳಿ ರಾತ್ರಿಯಲ್ಲಿ ಮೇಲಿನ ಬೆಚ್ಚನೆ ಗಾಳಿಯನ್ನು ಕೆಳಕ್ಕೆ ತಳ್ಳಿ, ಚಿಗುರಿಗೆ ಮಂಜು ಕೂರದಂತೆ ಮಾಡುತ್ತವೆ. ಟೀ ಎಲೆಯನ್ನು ಜಾಸ್ತಿ ಹೊತ್ತು ಹಬೆಯಲ್ಲಿ ಬೇಯಿಸುವುದು ಆ ಕಡೆಯ ರೂಢಿ. ಬಣ್ಣ ಗಾಢ ಹಸಿರು, ಒಗರು ಕಡಿಮೆ. ಹಾಲು, ಸಕ್ಕರೆ ಮಾತ್ರ ಕೇಳಬಾರದು ಅಂತ ಪುಟ್ಟನಿಗೆ ಹೇಳಿಡಿ.

ಚಿಂತೆ ಮಾಡುವುದಾದರೆ ಇದಕ್ಕೆ ಮಾಡಿ: ಆ ಊರಿಗೆ ರೈಲಿಲ್ಲ. ಏರ್‌ಪೋರ್ಟ್ ಇದೆ, 2009ರಲ್ಲಿ ಶುರುವಾಯಿತು, ಆದರೆ ರೈಲು ಹಿಡಿಯಲು ಪಕ್ಕದ ಊರಿಗೇ ಹೋಗಬೇಕು. ಕಾರಿಲ್ಲದೆ ಕಷ್ಟ. ಹೊರಡುವ ಮೊದಲೇ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಲಿ. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು.